ಮೂಲೆಗಳನ್ನು ಯಾರು ನೋಡುತ್ತಾರೆ

“ನೀವೇ ನೋಡಿ ಮೇಡಂ. ‘ಲೇಡೀಸ್ ಟೈಲರ್, ಫಾಲ್, ಪಿಕೊ’ ಅಂತ ಒಂದೊಂದು ಅಕ್ಷರಾನೂ ಓದ್ಬಹುದು. ಇದಕ್ಕಿಂತ ಷಾರ್ಪು ಇನ್ನೆಲ್ಲಿ ಸಿಗತ್ತೆ?” ಬಷೀರ್ ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸದೆಯೇ ಕೇಳಿದರು. ಅಂಗಡಿಯ ಹೊಸ್ತಿಲ ಮೇಲೆ ನಿಂತು, ಗಲ್ಲಿಯ ತುದಿಯಲ್ಲಿದ್ದ ಟೈಲರ್ ಬೋರ್ಡಿಗೆ ಗುರಿ ಇಟ್ಟಿದ್ದರು. ನಡುವೆ ಬಟ್ಟೆ ಗಂಟು ಹೊತ್ತ ಸ್ಕೂಟರೊಂದು ಹಾದುಹೋಯಿತು.

ಶಾಂತಕುಮಾರಿ ಕೌಂಟರಿಗೆ ಒರಗಿ ನಿಂತಿದ್ದಳು. ಎರಡನೇ ಶನಿವಾರ, ಆಫೀಸಿಗೆ ರಜ. ಆದರೂ ಬೆಳಿಗ್ಗೆ ಐದಕ್ಕೇ ಎದ್ದು, ದೋಸೆ ಹಿಟ್ಟು ರುಬ್ಬಿ, ಬಟ್ಟೆ ಒಣಹಾಕಿ, ಮಗಳನ್ನು ಕರೆದುಕೊಂಡು ಇಂದಿರಾನಗರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಜಗಳವಾಡುವ ಶಕ್ತಿಯನ್ನು ಮಾತ್ರ ಬೇರೆಯಾಗಿ ತೆಗೆದಿಟ್ಟುಕೊಂಡಿದ್ದಳು.

“ಬೋರ್ಡು ನನಗೂ ಕಂಡಿತ್ತು ಸಾಬ್ರೇ. ಹೋದ ತಿಂಗಳು ಇದೇ ಬೋರ್ಡು ನೋಡ್ಕೊಂಡೇ ಈ ಲೆನ್ಸ್ ತಗೊಂಡು ಹೋದೆ. ನಕ್ಷತ್ರಗಳು ಟೈಲರ್ ಅಂಗಡಿಗಿಂತ ಸ್ವಲ್ಪ ದೂರ ಇದಾವೆ.”

ಚೀಲದಿಂದ ಫೋಟೋ ತೆಗೆದು ಕೌಂಟರಿನ ಗಾಜಿನ ಮೇಲಿಟ್ಟಳು. ಕಪ್ಪು ಆಕಾಶದಲ್ಲಿ ಸಪ್ತರ್ಷಿ ಮಂಡಲ. ಏಳೂ ನಕ್ಷತ್ರಗಳು ಬೂಂದಿ ಕಾಳಿನ ಹಾಗೆ ಊದಿಕೊಂಡಿದ್ದವು.

ಬಷೀರ್ ಕನ್ನಡಕ ಹಣೆಗೇರಿಸಿ ನೋಡಿದರು. “ದುಂಡುದುಂಡಾಗಿ ಚೆನ್ನಾಗೇ ಬಂದಿವೆಯಲ್ಲ.”

“ದುಂಡಗೆ ಬರಬಾರದು. ಸೂಜಿ ಚುಚ್ಚಿದ ಹಾಗೆ ಬರಬೇಕು. ಬಾಲದಲ್ಲಿ ನಡುವಿನದು ನೋಡಿ, ವಸಿಷ್ಠ. ಅದರ ಪಕ್ಕ ಅರುಂಧತಿ. ಅಲ್ಲಿ ಎರಡು ನಕ್ಷತ್ರ ಇರಬೇಕಿತ್ತು.”

“ಒಂದೇ ಇದೆ.”

“ಅದನ್ನೇ ನಾನು ಹೇಳ್ತಿರೋದು.”

ಬಾಗಿಲ ಬಳಿ ಬೆಳಕಿರುವ ಕಡೆ ಸ್ಟೂಲು ಹಾಕಿಕೊಂಡು ಕೂತಿದ್ದ ತನ್ಮಯಿ ಕಿಸಕ್ಕನೆ ನಕ್ಕಳು. ಹದಿನಾಲ್ಕು ವರ್ಷದ ಹುಡುಗಿ. ಅಮ್ಮ ಜಗಳಕ್ಕೆ ನಿಂತರೆ ಅವಳಿಗೆ ಸಿನಿಮಾಕ್ಕೆ ಬಂದಷ್ಟು ಖುಷಿ.

ತಪ್ಪು ಏನೆಂದು ಶಾಂತಕುಮಾರಿ ಈ ಮೂರು ವಾರದಲ್ಲಿ ತಾನೇ ಹುಡುಕಿಕೊಂಡಿದ್ದಳು. ಲೆನ್ಸು ರಷ್ಯದ್ದು, ತಿರುಪಿ ಕೂರಿಸುವಂಥದು. ಕ್ಯಾಮೆರಾ ಜಪಾನಿನದು. ಒಂದಕ್ಕೊಂದು ಹೊಂದದ ಕಾರಣ ಬಷೀರ್ ನಡುವೆ ಒಂದು ಹಿತ್ತಾಳೆ ಉಂಗುರ ಹಾಕಿ ಕೊಟ್ಟಿದ್ದರು. ಆ ಉಂಗುರದ ದಪ್ಪದಷ್ಟು ಲೆನ್ಸು ಮುಂದಕ್ಕೆ ಹೋಗಿತ್ತು. ಹಾಗಾದಾಗ ಹತ್ತಿರದ್ದು ಸ್ಪಷ್ಟವಾಗಿ ಕಾಣುತ್ತದೆ, ದೂರದ್ದು ಎಷ್ಟು ತಿರುಗಿಸಿದರೂ ಕೂಡಿ ಬರುವುದಿಲ್ಲ. ತಮ್ಮ ಕ್ವಾರ್ಟರ್ಸಿನ ಮಹಡಿ ಹತ್ತಿ ಅವಳು ಒಂದೊಂದಾಗಿ ನೋಡಿದ್ದಳು. ಎದುರು ಮನೆಯ ತೆಂಗಿನಮರದ ಗರಿ ಎಣಿಸಬಹುದು. ಮೆಟ್ರೊ ಕಂಬ ಸ್ವಲ್ಪ ಮಂಜು. ಚಂದ್ರ ಮಾತ್ರ ಬೆಂದ ಇಡ್ಲಿ. ಶಿವಾಜಿನಗರದ ಈ ಗಲ್ಲಿಯಲ್ಲಿ ನಿಂತು ಪರೀಕ್ಷೆ ಮಾಡಿದ್ದೇ ತಪ್ಪು. ಇಲ್ಲಿ ದೂರವೆಂಬುದೇ ಇಲ್ಲ. ಎತ್ತ ತಿರುಗಿದರೂ ಐವತ್ತು ಹೆಜ್ಜೆಗೆ ಒಂದು ಗೋಡೆ, ಒಂದು ಬೋರ್ಡು, ಜೋತುಬಿದ್ದ ಕೇಬಲ್ಲು.

ಇದನ್ನೆಲ್ಲ ಹೇಳಿದಾಗ ಬಷೀರ್ ಉಂಗುರವನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅದೇ ಅಪರಾಧಿ ಎಂಬಂತೆ ದಿಟ್ಟಿಸಿದರು.

“ಅಲ್ಲ ಮೇಡಂ, ನಮ್ಮ ಅಬ್ಬಾ ಕಾಲದಿಂದ ಈ ಅಂಗಡಿ ಇದೆ. ಒಬ್ಬರೂ ಬಂದು ದೂರ ಕಾಣಲ್ಲ ಅಂತ ಹೇಳಿಲ್ಲ. ಮದುವೆ ತೆಗೀತಾರೆ, ಮಗು ತೆಗೀತಾರೆ, ಬಿರಿಯಾನಿ ತೆಗೀತಾರೆ. ದೂರ ಯಾರಿಗೆ ಬೇಕು?”

“ನನಗೆ ಬೇಕು,” ಎಂದಳು ತನ್ಮಯಿ.

ಬಷೀರ್ ಅವಳ ಕಡೆ ತಿರುಗಿದರು. “ಯಾಕೆ ಬೇಟಾ? ಫೋನಲ್ಲಿ ಒತ್ತಿದ್ರೆ ಬೇಕಾದಷ್ಟು ನಕ್ಷತ್ರ ಬರತ್ತೆ.”

“ಫೋನು ಇಲ್ಲದ್ದನ್ನೂ ಸೇರಿಸ್ಬಿಡತ್ತೆ ಅಂಕಲ್. ಫಿಲ್ಮಾದ್ರೆ ಬಿದ್ದಿದ್ದು ಮಾತ್ರ ಇರತ್ತೆ.”

*

ತನ್ಮಯಿಗೆ ಆರು ವರ್ಷವಿದ್ದಾಗ ಅವಳ ಅತ್ತೆಯ ಮದುವೆಯಾಯಿತು. ಮುಹೂರ್ತ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಮಟಮಟ ಮಧ್ಯಾಹ್ನ, ಪುರೋಹಿತರು ಗಂಡುಹೆಣ್ಣನ್ನು ಛತ್ರದ ಪಾರ್ಕಿಂಗ್ ಜಾಗಕ್ಕೆ ಕರೆತಂದು ಉತ್ತರಕ್ಕೆ ಕೈ ತೋರಿಸಿ, “ಅರುಂಧತಿ ಕಂಡಳೇನಮ್ಮಾ?” ಎಂದು ಕೇಳಿದರು. ಮದುಮಗಳು ಸುಡುವ ಬಿಸಿಲಿಗೆ ಕಣ್ಣು ಕಿರಿದು ಮಾಡಿ “ಕಂಡಳು” ಎಂದಳು. ಮದುಮಗ “ಕಂಡಳು” ಎಂದ. ಸುತ್ತ ನಿಂತಿದ್ದ ದೊಡ್ಡವರೂ ಕತ್ತೆತ್ತಿ, “ಹ್ಞಾಂ, ಕಂಡಳು ಕಂಡಳು, ನಡೀರಿ ಊಟಕ್ಕೆ” ಎಂದರು. ಶಾಂತಕುಮಾರಿಯ ಸೊಂಟದ ಮೇಲಿದ್ದ ತನ್ಮಯಿ ಎಲ್ಲರನ್ನೂ ನೋಡಿದಳು, ಆಕಾಶವನ್ನು ನೋಡಿದಳು, “ನನಗೂ ಕಂಡ್ಳು” ಎಂದಳು. ಎಲ್ಲರೂ ಅವಳ ಕೆನ್ನೆ ಹಿಂಡಿದರು.

ಆಮೇಲೆ ನಾಲ್ಕು ವರ್ಷ ಆ ಹುಡುಗಿ ಹಾಗೆಯೇ ಹೇಳಿಕೊಂಡು ಬಂದಳು. ರಾತ್ರಿ ಮಹಡಿಯ ಮೇಲೆ ಶಾಂತಕುಮಾರಿ “ಅಗೋ, ಆ ಮೂರು ಸಾಲಾಗಿ ಇದಾವಲ್ಲ” ಎಂದರೆ, “ಹ್ಞೂಂ, ಕಾಣ್ತಿದೆ.” ಒಮ್ಮೆ ಕರೆಂಟು ಹೋದಾಗ ನಡುಮನೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡು ಹೊಲಿಗೆ ಹಾಕಿಸಬೇಕಾಯಿತು, ಹಾಗೆ ಶುರುವಾದ ಓಡಾಟ ಕಣ್ಣಿನ ಡಾಕ್ಟರ ಬಳಿ ಮುಗಿಯಿತು. ಇರುಳುಗಣ್ಣು, ಹುಟ್ಟಿನಿಂದಲೇ ಬಂದದ್ದು, ಅಕ್ಷಿಪಟಲದ ಕಾಯಿಲೆ. ಕತ್ತಲಲ್ಲಿ ಕಾಣುವುದಿಲ್ಲ, ಹಗಲಿನಲ್ಲೂ ಅಂಚಿನಿಂದ ಒಳಕ್ಕೆ ಸುತ್ತ ಮುಚ್ಚಿಕೊಳ್ಳುತ್ತ ಬರುತ್ತದೆ. ಎಷ್ಟು ಬೇಗ ಎಂದು ಹೇಳಲಾಗದು. ಸದ್ಯಕ್ಕೆ ನಡುವಿನ ನೋಟ ಚೆನ್ನಾಗಿದೆ, ಪೇಪರಿನ ಸಣ್ಣಕ್ಷರವನ್ನೂ ಓದುತ್ತಾಳೆ. ನಕ್ಷತ್ರ? ಡಾಕ್ಟರು ತಲೆಯಾಡಿಸಿದರು. “ಒಂದನ್ನೂ ನೋಡಿರೋಕೆ ಸಾಧ್ಯ ಇಲ್ಲಮ್ಮ.”

ಮನೆಗೆ ಬರುವಾಗ ಆಟೋದಲ್ಲಿ ಶಾಂತಕುಮಾರಿ ಕೇಳಿದ್ದಳು. “ಮತ್ತೆ ಕಾಣ್ತಿದೆ ಕಾಣ್ತಿದೆ ಅಂತಿದ್ದೆಯಲ್ಲೇ?”

“ಎಲ್ಲರೂ ಹಾಗೇ ಅಂತಾರಲ್ವಾ? ಅತ್ತೆ ಮದುವೇಲಿ ಅಷ್ಟು ಬಿಸಿಲಲ್ಲಿ ಎಲ್ಲರೂ ಅಂದ್ರು. ನಕ್ಷತ್ರ ಅಂದ್ರೆ ಕಾಣ್ತು ಅಂತ ಹೇಳೋದು ಅಂದ್ಕೊಂಡಿದ್ದೆ.”

ಶಾಂತಕುಮಾರಿ ಅದೊಂದು ಮಾತನ್ನು ನಾಲ್ಕು ವರ್ಷದಿಂದ ಮರೆತಿರಲಿಲ್ಲ. ಮಗಳ ನೋಟದ ನಡುಭಾಗ ಗಟ್ಟಿಯಾಗಿರುವಾಗಲೇ ಅರುಂಧತಿಯನ್ನು ಅವಳಿಗೆ ನಿಜವಾಗಿ ತೋರಿಸಬೇಕು. ಕೈಯಲ್ಲಿ ಹಿಡಿದು, ಹಗಲು ಬೆಳಕಿನಲ್ಲಿ, ತಾನಾಗಿಯೇ ನೋಡುವ ಹಾಗೆ. ಅಟ್ಟದ ಮೇಲೆ ಗಂಡ ಕೃಷ್ಣಸ್ವಾಮಿಯ ಮದುವೆಗೆ ಮುಂಚಿನ ಕ್ಯಾಮೆರಾ ಇತ್ತು. ಅದರ ಲೆನ್ಸು ಬೂಷ್ಟು ಹಿಡಿದು ಹಾಳಾಗಿತ್ತು. ಹಾಗಾಗಿ ಬಷೀರ್ ಅಂಗಡಿ.

*

“ಆಯ್ತು, ಆಯ್ತು. ಉಂಗುರದ ಸಹವಾಸವೇ ಬೇಡ,” ಬಷೀರ್ ಸೋಲೊಪ್ಪಿಕೊಂಡದ್ದು ಗೊತ್ತಾಗದಂತೆ ಜೋರಾಗಿ ಹೇಳಿ, ಹಿಂದಿನ ಕಪಾಟಿನಿಂದ ಮೂರು ಲೆನ್ಸು ತಂದು ಹಸಿರು ಬಟ್ಟೆಯ ಮೇಲಿಟ್ಟರು. ಮೂರೂ ಕ್ಯಾಮೆರಾದ ಕಂಪನಿಯವೇ, ನೇರವಾಗಿ ಕೂರುವಂಥವು. ಮೊದಲನೆಯದು ದೊಡ್ಡ ಬಾಯಿಯದು, ಗಾಜು ಕೆರೆಯ ನೀರಿನ ಹಾಗೆ ನೇರಳೆ, ಹಸಿರು ಹೊಳೆಯುತ್ತಿತ್ತು. ಎರಡನೆಯದು ಸಾಧಾರಣ. ಮೂರನೆಯದರ ಮೈಬಣ್ಣ ಉದುರಿ ಕೆಳಗಿನ ಲೋಹ ಕಾಣುತ್ತಿತ್ತು. ಗಾಜು ಬಾವಿಯೊಳಗೆ ಕೂತ ಹಾಗೆ ಆಳದಲ್ಲಿ, ಸಣ್ಣದಾಗಿ ಇತ್ತು.

“ಇದು ರಾಜ,” ಎಂದು ದೊಡ್ಡದನ್ನು ಎತ್ತಿದರು. “ಒನ್ ಪಾಯಿಂಟ್ ಫೋರ್. ಬೆಳಕು ಕುಡಿಯತ್ತೆ ಮೇಡಂ, ಕುಡಿಯತ್ತೆ.”

ಶಾಂತಕುಮಾರಿ ಸುಗತನಿಗೆ ಫೋನು ಮಾಡಿದಳು. ಸುಗತ ಅವಳ ಆಫೀಸಿನ ಕ್ಲೇಮ್ಸ್ ವಿಭಾಗದವನು, ತಿಂಗಳಿಗೊಮ್ಮೆ ಆಕಾಶ ನೋಡುವ ಗುಂಪಿನ ಜೊತೆ ಊರಾಚೆ ಹೋಗುವವನು. ಫೋನನ್ನು ಸ್ಪೀಕರಿಗೆ ಹಾಕಿ ಕೌಂಟರಿನ ಮೇಲಿಟ್ಟಳು.

“ಒನ್ ಪಾಯಿಂಟ್ ಫೋರ್ ಇದೆಯಾ? ಕಣ್ಣು ಮುಚ್ಕೊಂಡು ತಗೊಂಬಿಡಿ ಮೇಡಂ,” ಎಂದಿತು ಸುಗತನ ದನಿ. “ಫಿಲ್ಮಲ್ಲಿ ನಕ್ಷತ್ರಕ್ಕೆ ಬೆಳಕೇ ಎಲ್ಲ. ಬಾಯಿ ಚಿಕ್ಕದಾದ್ರೆ ಗಂಟೆಗಟ್ಟಲೆ ಕೂರ್ಬೇಕು.”

“ನೋಡಿದ್ರಾ!” ಎಂದರು ಬಷೀರ್, ಫೋನಿಗೆ ಕೈಮುಗಿಯುವಂತೆ. “ತಿಳಿದವರು ಹೇಳ್ತಿದಾರೆ.”

“ಸರಿ. ಮೊದಲು ಮಹಡಿಗೆ ಹೋಗಿ ನೋಡ್ತೀನಿ,” ಎಂದಳು ಶಾಂತಕುಮಾರಿ.

“ಮಹಡೀಗಾ? ಅಲ್ಲಿ ನೀರಿನ ಟ್ಯಾಂಕು, ಪಾರಿವಾಳ ಬಿಟ್ರೆ ಏನೂ ಇಲ್ಲ ಮೇಡಂ.”

“ದೂರ ಇರತ್ತಲ್ಲ.”

ಮಹಡಿಯ ಮೆಟ್ಟಿಲು ಕಟ್ಟಡದ ಬೆನ್ನಿಗಿತ್ತು, ಕಿರಿದು, ಕಿಟಕಿಯಿಲ್ಲದ್ದು. ತನ್ಮಯಿ ಮೊದಲ ತಿರುವಿನಲ್ಲಿ ನಿಂತಳು. ಶಾಂತಕುಮಾರಿಯ ಕೈ ತಾನೇ ಹಿಂದಕ್ಕೆ ಚಾಚಿತು.

“ಬೇಡ. ನಾನೇ ಬರ್ತೀನಿ,” ಎಂದು ಮಗಳು ಫೋನಿನ ಟಾರ್ಚು ಹಚ್ಚಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದಳು. “ಅಂಕಲ್, ಇಲ್ಲಿ ಒಂದು ಬಲ್ಬು ಹಾಕ್ಸಿ. ನಿಮ್ಮ ಕಸ್ಟಮರ್ಸ್ ಎಲ್ಲ ಕೈಕಾಲು ಮುರ್ಕೊಂಡ್ರೆ ಫೋಟೋ ಯಾರು ತೆಗೀತಾರೆ?”

“ಮೂವತ್ತು ವರ್ಷದಲ್ಲಿ ಈ ಮೆಟ್ಟಿಲು ಹತ್ತಿದ ಕಸ್ಟಮರು ನಿಮ್ಮಮ್ಮ ಒಬ್ಬರೇ,” ಎಂದರು ಬಷೀರ್ ಏದುಸಿರು ಬಿಡುತ್ತ.

ಮೇಲೆ ಮಾರ್ಚಿನ ಬಿಸಿಲು ಹೊಡೆಯುತ್ತಿತ್ತು. ರಸೆಲ್ ಮಾರುಕಟ್ಟೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಪುಲಿಕೇಶಿನಗರದ ಕಡೆಗೆ, ಮರಗಳಾಚೆ, ಮಸೀದಿಯೊಂದರ ಮಿನಾರಿನ ತುದಿಯಲ್ಲಿ ಹಿತ್ತಾಳೆಯ ಗುಂಡು ಬಿಸಿಲಿಗೆ ಸಿಕ್ಕಿ ಒಂದೇ ಒಂದು ಚುಕ್ಕಿಯಾಗಿ ಹೊಳೆಯುತ್ತಿತ್ತು. ಶಾಂತಕುಮಾರಿ ಅದನ್ನೇ ಆರಿಸಿಕೊಂಡಳು. ನಕ್ಷತ್ರಕ್ಕೆ ಹಗಲಿನಲ್ಲಿ ಇದಕ್ಕಿಂತ ಹತ್ತಿರದ ನೆಂಟ ಸಿಗುವುದಿಲ್ಲ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಹಿಂಬದಿಯ ಬಾಗಿಲು ತೆಗೆದು, ಫಿಲ್ಮು ಇರಬೇಕಾದ ಜಾಗಕ್ಕೆ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಅಂಟಿಸಿದಳು. ಷಟರನ್ನು ತೆರೆದೇ ಇರುವಂತೆ ಕೀಲಿ ಹಾಕಿದಳು. ತಲೆಯ ಮೇಲೆ ಕಪ್ಪು ದುಪ್ಪಟ್ಟಾ ಹೊದ್ದು, ಚಿತ್ರ ಹಿಗ್ಗಿಸಿ ತೋರಿಸುವ ಬಷೀರರ ದಪ್ಪ ಕಣ್ಣುಗಾಜು ಹಿಡಿದು ಬಗ್ಗಿದಳು. ಕಾಗದದ ಮೇಲೆ ಶಿವಾಜಿನಗರ ಪುಟ್ಟದಾಗಿ, ತಲೆಕೆಳಗಾಗಿ ಬಿದ್ದಿತ್ತು.

“ನಾನೂ ನೋಡ್ತೀನಿ,” ಎಂದು ತನ್ಮಯಿ ದುಪ್ಪಟ್ಟಾದೊಳಗೆ ತಲೆ ತೂರಿಸಿದಳು. ಕಣ್ಣು ಕಿರಿದು ಮಾಡಿ ನೋಡಿ ಈಚೆಗೆ ಬಂದಳು. “ಥೂ, ಇದರೊಳಗೂ ಕತ್ತಲೇನಾ?” ಟ್ಯಾಂಕಿನ ನೆರಳಿಗೆ ಹೋಗಿ ಕೂತಳು. “ನೀನೇ ನೋಡಿ ಹೇಳು. ಸುಳ್ಳು ಹೇಳ್ಬೇಡ.”

ದೊಡ್ಡ ಬಾಯಿಯ ಲೆನ್ಸು ಮೊದಲು. ಚುಕ್ಕಿಯನ್ನು ಕಾಗದದ ನಡುವಿಗೆ ತಂದಾಗ ಅದು ನಿಜಕ್ಕೂ ರಾಜನೇ, ಸೂಜಿಮೊನೆ. ಶಾಂತಕುಮಾರಿ ಕ್ಯಾಮೆರಾವನ್ನು ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿದಳು. ಚುಕ್ಕಿ ಅಂಚಿನ ಕಡೆ ಸರಿಯಿತು. ಸರಿಯುತ್ತ ಸರಿಯುತ್ತ ಅದಕ್ಕೆ ಎರಡು ರೆಕ್ಕೆ ಮೂಡಿದವು. ಮೂಲೆಗೆ ಬರುವಷ್ಟರಲ್ಲಿ ಅದು ಚುಕ್ಕಿಯೇ ಆಗಿರಲಿಲ್ಲ, ಹಾರುವ ಹಕ್ಕಿಯಾಗಿತ್ತು.

“ಮೂಲೆಯಲ್ಲಿ ರೆಕ್ಕೆ ಬರ್ತಿದೆ.”

“ಲೆನ್ಸಿನ ಬಾಯಿ ಸ್ವಲ್ಪ ಮುಚ್ಚಿ ನೋಡಿ, ಕಮ್ಮಿ ಆಗತ್ತೆ,” ಎಂದರು ಬಷೀರ್.

ಮುಚ್ಚಿದಳು. ಇನ್ನೂ ಮುಚ್ಚಿದಳು. ಹಕ್ಕಿ ಚಿಕ್ಕದಾಯಿತು, ಹೋಗಲಿಲ್ಲ. ಎರಡನೇ ಲೆನ್ಸಿನಲ್ಲಿ ರೆಕ್ಕೆಯ ಬದಲು ಬಾಲ ಬಂತು.

“ಮೂಲೆ ಯಾರು ನೋಡ್ತಾರೆ ಮೇಡಂ?” ಬಷೀರರಿಗೆ ಬಿಸಿಲಿಗೆ ಸಹನೆ ಕಡಿಮೆಯಾಗುತ್ತಿತ್ತು. “ಗಂಡು, ಹೆಣ್ಣು ಮಧ್ಯ ಇರ್ತಾರೆ. ಮೂಲೇಲಿ ಚಿಕ್ಕಪ್ಪನ ಮಗ ಐಸ್‌ಕ್ರೀಂ ತಿಂತಿರ್ತಾನೆ. ಅವನಿಗೆ ರೆಕ್ಕೆ ಬಂದ್ರೆ ಯಾರಿಗೇನು?”

ಶಾಂತಕುಮಾರಿ ದುಪ್ಪಟ್ಟಾ ಸರಿಸಿ ತಲೆಯೆತ್ತಿದಳು. ಮುಖವೆಲ್ಲ ಬೆವರು. “ನನ್ನ ಮಗಳು ನೋಡ್ತಾಳೆ ಸಾಬ್ರೇ. ಅವಳಿಗೆ ಇಡೀ ಫೋಟೋ ಒಟ್ಟಿಗೆ ಕಾಣಲ್ಲ. ಬಳೆಯೊಳಗಿಂದ ನೋಡಿದ ಹಾಗೆ, ಚೂರುಚೂರೇ ನೋಡ್ತಾ ಹೋಗ್ತಾಳೆ. ಸ್ಕೂಲಲ್ಲಿ ಬೋರ್ಡು ಓದೋದೂ ಹಾಗೇ. ಅವಳಿಗೆ ಮೂಲೆ ಅನ್ನೋದೇ ಇಲ್ಲ. ಎಲ್ಲಿ ನೋಡಿದ್ರೂ ಅದೇ ಮಧ್ಯ.”

ಬಷೀರ್ ಟ್ಯಾಂಕಿನ ನೆರಳಿನ ಕಡೆ ನೋಡಿದರು. ತನ್ಮಯಿ ಪಾರಿವಾಳವೊಂದನ್ನು ನೋಡುತ್ತಿದ್ದಳು. ಅದು ಎರಡು ಹೆಜ್ಜೆ ಇಟ್ಟಾಗ ಕಣ್ಣಿಗೆ ತಪ್ಪಿ, ತಲೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ ಮತ್ತೆ ಹಿಡಿದಳು. ಬಷೀರ್ ಆಮೇಲೆ ಮದುವೆಯ ಮಾತೆತ್ತಲಿಲ್ಲ. ಮೂರನೆಯ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

“ಇದು ನಿಮಗಾಗಲ್ಲ ಅಂತ ನನಗನ್ಸತ್ತೆ. ಯಾವುದೋ ಆಫೀಸಲ್ಲಿ ಪಹಣಿ, ಕ್ರಯಪತ್ರ ನಕಲು ತೆಗೀತಿದ್ದ ಲೆನ್ಸು. ಹತ್ತಿರದ್ದಕ್ಕೇ ಮಾಡಿದ್ದು. ಬಾಯೂ ಚಿಕ್ಕದು, ಬೆಳಕು ಬರಲ್ಲ.”

ಶಾಂತಕುಮಾರಿ ಕೂರಿಸಿದಳು. ಅತಿ ದೂರಕ್ಕೆಂದು ಲೆನ್ಸಿನ ಮೇಲಿರುವ ಅನಂತದ ಗುರುತಿಗೆ ತಿರುಗಿಸಿ, ಅದನ್ನು ನಂಬದೆ ಒಂದು ಕೂದಲೆಳೆ ಹಿಂದಕ್ಕೆ ತಂದಳು. ಚಿತ್ರ ಮಂಕಾಗಿತ್ತು, ಕಣ್ಣು ಹೊಂದಿಕೊಳ್ಳಲು ತಡವಾಯಿತು. ಮಿನಾರಿನ ಚುಕ್ಕಿ ನಡುವೆ ಇತ್ತು. ಪಕ್ಕಕ್ಕೆ ಸರಿಸಿದಳು, ಚುಕ್ಕಿ. ಅಂಚಿಗೆ ಸರಿಸಿದಳು, ಚುಕ್ಕಿ. ಕಾಗದದ ಮೂಲೆಯ ಕೊಟ್ಟಕೊನೆಗೆ ತಂದು ಕಣ್ಣುಗಾಜು ಒತ್ತಿ ಹಿಡಿದಳು. ಚುಕ್ಕಿಯೇ. ಕಾಗದದ ನಾಲ್ಕು ಮೂಲೆಯನ್ನೂ ಓದಬೇಕಾದ ಗುಮಾಸ್ತರಿಗಾಗಿ ಮಾಡಿದ ಲೆನ್ಸಿಗೆ ಬೇರೆ ಥರ ನೋಡಲು ಬರುತ್ತಿರಲಿಲ್ಲ.

“ಇದೇ,” ಎಂದಳು.

“ಅಮ್ಮಾ, ಸುಳ್ಳಾ?”

“ಸುಳ್ಳಲ್ಲ ಕಣೇ. ಸ್ವಲ್ಪ ಮಂಕು. ಆದ್ರೆ ಮೂಲೇಲೂ ಒಂದೇ ಥರ ಇದೆ.”

ಸುಗತನಿಗೆ ಹೇಳಿದಾಗ ಅವನು ಫೋನಿನಲ್ಲೇ ತಲೆ ಚಚ್ಚಿಕೊಂಡ. “ಮೇಡಂ, ಕ್ಯಾಮೆರಾ ಕೂರಿಸೋ ಹಲಗೆ ತಿರುಗಿಸೋದು ಕೈಯಲ್ಲಿ. ಅಷ್ಟು ಹೊತ್ತು ಒಂದೇ ಸಮ ತಿರುಗಿಸೋಕೆ ಯಾರಿಗೂ ಆಗಲ್ಲ.”

“ಆಗತ್ತೆ,” ಎಂದು ಶಾಂತಕುಮಾರಿ ಫೋನಿಟ್ಟಳು.

*

ಹಲಗೆ ಕೃಷ್ಣಸ್ವಾಮಿ ಮಾಡಿದ್ದು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಪ್ಪತ್ತೈದು ವರ್ಷ ಕಳೆದ ಮನುಷ್ಯ. ಎರಡು ಹಲಗೆಗೆ ಒಂದು ಕೀಲು ಕೂರಿಸಿ, ನಡುವೆ ಬೋಲ್ಟು ಹಾಕಿ ಕೊಟ್ಟಿದ್ದ. ಕೀಲನ್ನು ಧ್ರುವನಕ್ಷತ್ರದ ಕಡೆ ಇಟ್ಟು ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ, ಅದರ ಮೇಲಿನ ಕ್ಯಾಮೆರಾ, ಆಕಾಶದ ಜೊತೆಯಲ್ಲೇ ತಿರುಗುತ್ತವೆ. ನಕ್ಷತ್ರ ಗೆರೆಯಾಗದೆ ಚುಕ್ಕಿಯಾಗಿ ಉಳಿಯುತ್ತದೆ.

“ಎಷ್ಟು ಹೊತ್ತು ತಿರುಗಿಸ್ಬೇಕು ಈಗ?” ಕೃಷ್ಣಸ್ವಾಮಿ ತಟ್ಟೆಯಿಂದ ತಲೆಯೆತ್ತಲಿಲ್ಲ. ಎರಡನೇ ಪಾಳಿ ಮುಗಿಸಿ ಬಂದು ತಣ್ಣಗಾದ ಸಾರನ್ನ ಉಣ್ಣುತ್ತಿದ್ದ.

“ಹೋದ ಸಲದ್ದರ ನಾಲ್ಕು ಪಟ್ಟು.”

“ನನ್ನ ಕೈಯಿ ನಡುಗಿದ್ರೆ?”

“ನಡುಗಲ್ಲ.”

ಅವನು ಮಗಳ ಕೋಣೆಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಶಾಂತಾ, ಆಸೆ ಹುಟ್ಟಿಸೋದು, ಅದು ಕೆಟ್ಟು ಹೋಗೋದು. ಒಂದು ಸಲ ಆಯ್ತು. ಆ ಹುಡುಗಿ ಏನೂ ಅನ್ನಲಿಲ್ಲ. ಅನ್ನಲಿಲ್ಲ ಅಂತಲೇ ನನಗೆ ಸಂಕಟ. ಬಿಟ್ಬಿಡೋಣ್ವಾ?”

“ಬಿಟ್ರೆ ಅವಳು ಜೀವನಪೂರ್ತಿ ಎಲ್ಲದಕ್ಕೂ ಕಾಣ್ತು, ಕಾಣ್ತು ಅಂದ್ಕೊಂಡೇ ಇರ್ತಾಳೆ ರೀ,” ಎಂದು ಶಾಂತಕುಮಾರಿ ಮಜ್ಜಿಗೆ ಬಡಿಸಿದಳು. “ಎರಡನೇ ಸಲ ಕೆಟ್ರೂ ಮೂರನೇ ಸಲ ಹೋಗ್ತೀನಿ. ನೀವು ಬರ್ದಿದ್ರೆ ನಾನೇ ತಿರುಗಿಸ್ತೀನಿ.”

ಕೃಷ್ಣಸ್ವಾಮಿ ಮಜ್ಜಿಗೆ ಕುಡಿದು ಎದ್ದ. ಆ ವಾರದಲ್ಲಿ ಬೋಲ್ಟಿನ ತಲೆಗೆ ಅಂಗೈಯಗಲದ ಅಲ್ಯೂಮಿನಿಯಂ ಚಕ್ರವೊಂದು ಬಂದು ಕೂತಿತ್ತು. ಅದರ ಅಂಚಿಗೆ ನಾಲ್ಕು ಕಡೆ ಗೀರು. ಕತ್ತಲಲ್ಲೂ ಬೆರಳಿಗೆ ಸಿಗುವಷ್ಟು ಆಳ.

ಅಮಾವಾಸ್ಯೆಗೆ ಕೋಲಾರದಾಚೆ, ಕೃಷ್ಣಸ್ವಾಮಿಯ ಸಹೋದ್ಯೋಗಿಯ ಟೊಮೆಟೊ ತೋಟಕ್ಕೆ ಹೋದರು. ಫಿಲ್ಮಿಗೆ ಬೆಳಕು ತಾಗಬಾರದೆಂದು ಕಾರಿನ ದೀಪ ಆರಿಸಿದ ಮೇಲೆ ತನ್ಮಯಿಗೆ ಲೋಕವೇ ಇಲ್ಲವಾಯಿತು. ಆದರೂ ಕಾರಿನಲ್ಲಿ ಕೂರಲು ಒಪ್ಪದೆ, ಅಪ್ಪನ ಪಕ್ಕ ಚಾಪೆಯ ಮೇಲೆ ಕೂತು, ಕಾಲು ನಿಮಿಷಕ್ಕೊಮ್ಮೆ ಅದುರುವಂತೆ ಮಾಡಿಟ್ಟ ಫೋನನ್ನು ಮುಷ್ಟಿಯಲ್ಲಿ ಹಿಡಿದು ಕೂಗಿದಳು. “ಕಾಲು... ಅರ್ಧ... ಅಪ್ಪ, ನಿದ್ದೆ ಮಾಡ್ತಿದೀಯಾ? ಮುಕ್ಕಾಲು... ಪೂರ್ತಿ.” ಕೃಷ್ಣಸ್ವಾಮಿ ಉಸಿರು ಹಿಡಿದು ಗೀರಿನಿಂದ ಗೀರಿಗೆ ಚಕ್ರ ತಿರುಗಿಸಿದ. ಶಾಂತಕುಮಾರಿ ಲೆನ್ಸಿನ ಮುಂದೆ ರಟ್ಟು ಹಿಡಿಯುವುದು, ತೆಗೆಯುವುದು, ಇಬ್ಬನಿ ಕೂರದಂತೆ ಬೀಸುವುದು ಮಾಡಿದಳು. ಮೇಲೆ ಸಪ್ತರ್ಷಿಗಳು ತೋಟದ ಅಂಚಿನ ಮರಗಳಿಂದ ಎದ್ದು ನಿಂತಿದ್ದರು. ಅವಳು ಮಗಳಿಗೆ ಏನನ್ನೂ ತೋರಿಸಲಿಲ್ಲ.

*

ಫೋಟೋ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಲ್ಯಾಬಿನವರು ದೊಡ್ಡದಾಗಿ, ಹೊಳೆಯುವ ಕಾಗದದ ಮೇಲೆ ಹಾಕಿ ಕೊಟ್ಟಿದ್ದರು. ಶಾಂತಕುಮಾರಿ ಲಕೋಟೆ ಹರಿದವಳೇ ಬಾಲದ ನಡುವಿನ ನಕ್ಷತ್ರ ಹುಡುಕಿದಳು. ಎರಡು. ವಸಿಷ್ಠ, ಪಕ್ಕದಲ್ಲಿ ಅರುಂಧತಿ, ನಡುವೆ ಕಪ್ಪು. ಅವಳು ಗಂಡನ ಮುಂದೆ ಫೋಟೋ ಹಿಡಿದಳು. ಕೃಷ್ಣಸ್ವಾಮಿ ಪೇಪರು ಮಡಿಸಿಟ್ಟು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ.

ತನ್ಮಯಿ ಫೋಟೋವನ್ನು ಕಿಟಕಿಯ ಬಳಿ ಒಯ್ದಳು. ಹೊಳೆಯುವ ಕಪ್ಪಿನಲ್ಲಿ ಕಿಟಕಿಯ ಸರಳು, ಅವಳ ಮುಖ, ಆಚೆಯ ತೆಂಗಿನಮರ ಎಲ್ಲವೂ ಬಿದ್ದವು. ಓರೆ ಮಾಡಿದಳು. ಕಣ್ಣಿಗೆ ಹತ್ತಿರ ತಂದಳು, ದೂರ ಹಿಡಿದಳು. ಕಪ್ಪಿನ ಮೇಲೆ ಅವಳ ನೋಟ ದಾರಿ ತಪ್ಪಿದ ಇರುವೆಯ ಹಾಗೆ ಓಡಾಡುವುದನ್ನು ಶಾಂತಕುಮಾರಿ ನೋಡುತ್ತ ನಿಂತಳು.

“ಚೆನ್ನಾಗಿದೆ ಅಮ್ಮ,” ಎಂದಳು ತನ್ಮಯಿ.

ಮಹಡಿಯ ಮೇಲೆ ‘ಕಾಣ್ತಿದೆ’ ಎನ್ನುತ್ತಿದ್ದ ಆ ದನಿ ಶಾಂತಕುಮಾರಿಗೆ ಗೊತ್ತಿತ್ತು. ಒಲೆಯ ಮೇಲೆ ಹಾಲು ಇಟ್ಟಿದ್ದು ನೆನಪಾಗಿ ಅಡುಗೆಮನೆಗೆ ಹೋದಳು. ಹಾಲು ಇನ್ನೂ ಕಾದೇ ಇರಲಿಲ್ಲ. ಸುಮ್ಮನೆ ಅದನ್ನೇ ನೋಡುತ್ತ ನಿಂತು, ಮಂಕು ಕಾಗದದ ಮೇಲೆ ಹಾಕಿಸಬೇಕು, ಇನ್ನೂ ದೊಡ್ಡದು ಮಾಡಿಸಬೇಕು, ಮುಂದಿನ ಅಮಾವಾಸ್ಯೆಗೆ ಮೋಡ ಬರುವ ಮುಂಚೆ ಇನ್ನೊಮ್ಮೆ ಹೋಗಬೇಕು ಎಂದು ಎಣಿಸತೊಡಗಿದಳು.

“ಅಮ್ಮ, ಇದೇನಿದು?”

ತನ್ಮಯಿ ಲಕೋಟೆಯ ತಳದಿಂದ ನೆಗೆಟಿವಿನ ಪಟ್ಟಿ ಎಳೆದಿದ್ದಳು.

“ಅದು ನೆಗೆಟಿವ್ವು. ಬೆರಳು ತಾಗಿಸ್ಬೇಡ.”

ಶಾಂತಕುಮಾರಿ ಬಂದು ನೋಡಿದಾಗ ಮಗಳು ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಗಾಜಿಗೆ ಒತ್ತಿದ್ದಳು. ಹಿಂದಿನಿಂದ ಬಿಸಿಲು. ಫಿಲ್ಮಿನಲ್ಲಿ ಆಕಾಶ ಬೆಳ್ಳಗಿತ್ತು. ತೊಳೆದ ಗಾಜಿನಂತೆ, ಹಾಲಿನ ಕೆನೆಯಂತೆ ಬೆಳ್ಳಗೆ. ಅದರ ಮೇಲೆ ನಕ್ಷತ್ರಗಳು ಕಪ್ಪಗಿದ್ದವು.

“ಅಪ್ಪ, ನಿನ್ನ ಭೂತಗನ್ನಡಿ ಕೊಡು,” ಎಂದಳು ತನ್ಮಯಿ ತಿರುಗದೆ. ಕೃಷ್ಣಸ್ವಾಮಿ ಕಾರ್ಖಾನೆಯ ಚೀಲ ತಡಕಿ, ಯಂತ್ರದ ಭಾಗ ಪರೀಕ್ಷಿಸುವ ಪುಟ್ಟ ಗಾಜನ್ನು ತಂದು ಅವಳ ಕೈಗಿಟ್ಟ. ಅವಳು ಅದನ್ನು ಫಿಲ್ಮಿಗೆ ತಾಗಿಸಿ ಕಣ್ಣು ಒತ್ತಿದಳು. ಗಾಜಿನ ವೃತ್ತ ಒಂದು ಮೂಲೆಯಿಂದ ಹೊರಟಿತು. ನಿಧಾನವಾಗಿ ಅಂಚಿಗುಂಟ ಹೋಯಿತು, ನಿಂತಿತು, ಕೆಳಗಿಳಿಯಿತು. ಇನ್ನೊಂದು ಮೂಲೆ ಮುಟ್ಟಿತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಯಾರೂ ಹೋಗಲಿಲ್ಲ.

“ಬಾಲದಲ್ಲಿ ಮೂರಿದಾವೆ. ನಡುವಿಂದು ದಪ್ಪ. ಅದರ ಪಕ್ಕ ಇನ್ನೊಂದು, ಇವಳೇನಾ?”

“ಅವಳೇ,” ಎಂದಳು ಶಾಂತಕುಮಾರಿ.

“ಮತ್ತೆ ಅವರಿಬ್ಬರ ಮಧ್ಯ ಒಂದು ಸಣ್ಣದಿದೆಯಲ್ಲ, ಅದು ಯಾರು?”

“ಮಧ್ಯ ಯಾರೂ ಇಲ್ಲ ಕಣೇ. ಇಬ್ಬರೇ.”

“ಇದೆ ಅಮ್ಮ. ಸ್ವಲ್ಪ ಪಕ್ಕಕ್ಕೆ. ತುಂಬಾ ಚಿಕ್ಕದು.”

“ಧೂಳಿರತ್ತೆ. ಇಲ್ಲಾಂದ್ರೆ ತೊಳೆಯೋವಾಗ ಆದ ಕಲೆ.”

ತನ್ಮಯಿ ಪಟ್ಟಿಯನ್ನು ಮುಂದಿನ ಚಿತ್ರಕ್ಕೆ ಸರಿಸಿದಳು. ಅದು ಸ್ವಲ್ಪ ಹೊತ್ತಿನ ನಂತರ ತೆಗೆದದ್ದು. ಸಪ್ತರ್ಷಿಗಳು ಫಿಲ್ಮಿನ ಬೇರೆ ಕಡೆ, ಅಂಚಿನ ಹತ್ತಿರ ಬಿದ್ದಿದ್ದರು. ಮತ್ತೆ ಹುಡುಕಿದಳು, ಬಾಲ ಹಿಡಿದು ಬಂದಳು, ನಿಂತಳು.

“ಧೂಳಲ್ಲ. ಇದರಲ್ಲೂ ಅಲ್ಲೇ ಇದೆ.”

ಗಾಜನ್ನು ಅಮ್ಮನಿಗೆ ಕೊಟ್ಟಳು. ಶಾಂತಕುಮಾರಿ ಕನ್ನಡಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ದಪ್ಪ ಚುಕ್ಕಿ ಕಂಡಿತು, ಪಕ್ಕದ್ದು ಕಂಡಿತು. ನಡುವೆ ಬೆಳಕು ಮಾತ್ರ.

“ನನಗೆ ಕಾಣ್ತಿಲ್ವೇ.”

“ನೀನು ಇಬ್ಬರನ್ನೇ ನೋಡ್ತಿದೀಯ. ಅವರನ್ನ ಬಿಡು,” ಎಂದು ತನ್ಮಯಿ ಅಮ್ಮನ ಗಲ್ಲ ಹಿಡಿದು ಒಂದಿಷ್ಟು ಎಡಕ್ಕೆ ತಿರುಗಿಸಿದಳು. “ಇಲ್ಲ, ಇಷ್ಟಲ್ಲ. ಇನ್ನೂ ಸ್ವಲ್ಪ ಕೆಳಗೆ. ಅವಸರ ಮಾಡ್ಬೇಡ.”

ಶಾಂತಕುಮಾರಿ ಬೆಳ್ಳನೆಯ ಆಕಾಶವನ್ನು ನೋಡುತ್ತಲೇ ಇದ್ದಳು. ಮಗಳ ಬೆರಳಿನ ನೆರಳು ಫಿಲ್ಮಿನ ಅಂಚಿನಲ್ಲಿ, ಅಲ್ಲಾಡದೆ, ಒಂದು ಕಡೆಯನ್ನೇ ತೋರಿಸುತ್ತ ನಿಂತಿತ್ತು.